ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಡ್ರೈ ಸಿರಪ್: ಪುಡಿಗೆ ನೀರು ಬೆರೆಸುವುದರಿಂದ ಕೊನೆಯ ಡೋಸ್‌ವರೆಗೆ

ಮಕ್ಕಳ ವೈದ್ಯರ ಚೀಟಿಯಲ್ಲಿ ಆಗ್‌ಮೆಂಟಿನ್, ಕ್ಲಾವಮ್, ಮಾಕ್ಸಿಕೈಂಡ್-ಸಿವಿ ಎಂದು ಯಾವ ಹೆಸರೇ ಇರಲಿ, ಪೊಟ್ಟಣ ಬಿಚ್ಚಿದರೆ ಒಳಗೆ ಇರುವುದು ತಳದಲ್ಲಿ ಒಂದಿಷ್ಟು ಪುಡಿ ಕೂತಿರುವ ಬಾಟಲಿ. ಆ ಪುಡಿಯಲ್ಲಿ ಎರಡು ಔಷಧಗಳಿವೆ: ಒಂದು ಅಮಾಕ್ಸಿಸಿಲಿನ್, ಇನ್ನೊಂದು ಕ್ಲಾವುಲನಿಕ್ ಆಮ್ಲ (ಕ್ಲಾವುಲನೇಟ್ ಎನ್ನುವುದೂ ಇದನ್ನೇ). ರೋಗಾಣುವನ್ನು ಕೊಲ್ಲುವುದು ಮೊದಲನೆಯದು. ಆದರೆ ಈ ಸಿರಪ್‌ನ ಕಟ್ಟುಪಾಡುಗಳು ಬಹುಪಾಲು ಬಂದಿರುವುದು ಎರಡನೆಯದರಿಂದ. ಮನೆಯಲ್ಲೇ ನೀರು ಬೆರೆಸಬೇಕು, ಫ್ರಿಜ್‌ನಲ್ಲಿಡಬೇಕು, ಏಳು ದಿನದೊಳಗೆ ಮುಗಿಸಬೇಕು, ಊಟದ ಜೊತೆ ಕೊಡಬೇಕು, ಒಂದು ಸ್ಟ್ರೆಂತ್ (ಪ್ರತಿ 5 ಮಿ.ಲೀ.ನಲ್ಲಿ ಇರುವ ಔಷಧದ ಪ್ರಮಾಣ) ಬದಲು ಇನ್ನೊಂದನ್ನು ಕೊಡಬಾರದು. ಇವುಗಳ ಹಿಂದೆಲ್ಲ ಕ್ಲಾವುಲನಿಕ್ ಆಮ್ಲದ ಸ್ವಭಾವವಿದೆ. ಅದನ್ನು ಅರಿತರೆ ಯಾವ ಸೂಚನೆಯನ್ನು ಏಕೆ ಮೀರಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ್ದು. ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯ ಕೆಲಸವನ್ನು ಅದು ನಡುವೆಯೇ ನಿಲ್ಲಿಸುತ್ತದೆ. ಗೋಡೆ ಸಡಿಲವಾದ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಇದನ್ನು ಎದುರಿಸಲು ಹಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಆ ಕಿಣ್ವ ಅಮಾಕ್ಸಿಸಿಲಿನ್ ಅಣುವಿನ ಮುಖ್ಯ ಉಂಗುರವನ್ನೇ ಸೀಳಿ ಔಷಧವನ್ನು ನಿಷ್ಪ್ರಯೋಜಕ ಮಾಡುತ್ತದೆ. ಕ್ಲಾವುಲನಿಕ್ ಆಮ್ಲ ಆ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ, ಹಾಗೆ ಮಾಡುತ್ತಲೇ ತಾನೂ ನಾಶವಾಗುತ್ತದೆ. ಒಂಟಿಯಾಗಿ ಕೊಟ್ಟರೆ ರೋಗಾಣುವನ್ನು ಕೊಲ್ಲುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಸ್ಟ್ರೆಪ್ಟೋಮೈಸಿಸ್ ಕ್ಲಾವುಲಿಜೆರಸ್ ಎಂಬ ಬ್ಯಾಕ್ಟೀರಿಯಾದಿಂದ ಸಿಕ್ಕ ಈ ವಸ್ತುವನ್ನು ಅಮಾಕ್ಸಿಸಿಲಿನ್ ಜೊತೆ ಸೇರಿಸಿದ ಔಷಧ ಬ್ರಿಟನ್ನಿನ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಭಾರತದ ಪಟ್ಟಿಯಲ್ಲೂ ಇಂದು ಅದು ಇದೆ.

ಎರಡು ಔಷಧ ಸೇರಿಸಿದ್ದೆಲ್ಲ ಹೀಗೆ ಅರ್ಥವಿರುವ ಜೋಡಿಯೇ ಆಗಿರುವುದಿಲ್ಲ. ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ 344 ಸಂಯುಕ್ತ ಔಷಧಗಳನ್ನು ನಿಷೇಧಿಸಿತು. ಅದು ಕೋರ್ಟ್ ಮೆಟ್ಟಿಲೇರಿ, ಮರುಪರಿಶೀಲನೆಯ ನಂತರ 2018ರ ಸೆಪ್ಟೆಂಬರ್‌ನಲ್ಲಿ 328 ಔಷಧಗಳ ನಿಷೇಧ ಹೊರಬಿತ್ತು. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಆ ಸಾಲಿಗೆ ಸೇರುವಂಥದ್ದಲ್ಲ. ಇಲ್ಲಿ ಒಂದು ಔಷಧ ಇನ್ನೊಂದರ ದಾರಿ ಬಿಡಿಸಿಕೊಡುತ್ತದೆ. ಹಾಗೆಂದು ಇದು ಎಲ್ಲ ಸೋಂಕಿಗೂ “ಇನ್ನೂ ಪವರ್ ಇರುವ” ಔಷಧ ಎಂದುಕೊಳ್ಳುವುದು ತಪ್ಪು. ಗಂಟಲುನೋವು ತರುವ ಗುಂಪು-ಎ ಸ್ಟ್ರೆಪ್ಟೋಕಾಕಸ್ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ, ಅಲ್ಲಿ ಬರೀ ಅಮಾಕ್ಸಿಸಿಲಿನ್ ಸಾಕು. ಕಿವಿ, ಶ್ವಾಸಕೋಶದ ಸೋಂಕು ತರುವ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಔಷಧದಿಂದ ತಪ್ಪಿಸಿಕೊಳ್ಳುವುದು ಕಿಣ್ವದ ಬಲದಿಂದಲ್ಲ. ಔಷಧ ಅಂಟಿಕೊಳ್ಳುವ ಜಾಗವನ್ನೇ ಬದಲಿಸಿಕೊಳ್ಳುತ್ತದೆ. ಅದನ್ನು ಮಣಿಸಲು ಬೇಕಾದದ್ದು ಹೆಚ್ಚು ಅಮಾಕ್ಸಿಸಿಲಿನ್, ಹೆಚ್ಚು ಕ್ಲಾವುಲನೇಟ್ ಅಲ್ಲ. ಎಂಆರ್‌ಎಸ್‌ಎ ಎಂಬ ಹಟಮಾರಿ ಸ್ಟಫೈಲೋಕಾಕಸ್‌ಗೆ ಈ ಜೋಡಿ ನಾಟುವುದೇ ಇಲ್ಲ. ನೆಗಡಿ, ಫ್ಲೂ, ಡೆಂಗಿ, ಸಿಡುಬಿನಂತೆ ಏಳುವ ಅಮ್ಮ, ಮಕ್ಕಳ ಬಹುತೇಕ ನೀರುಭೇದಿ ವೈರಸ್‌ನಿಂದ ಬರುವಂಥವು. ಅಲ್ಲಿ ಇದರಿಂದ ಹೊಟ್ಟೆ ಕೆಡುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಸಿಂಬಳ ಹಸಿರಾಯಿತು ಎಂಬುದೊಂದೇ ಆಂಟಿಬಯೋಟಿಕ್ ಶುರುಮಾಡಲು ಕಾರಣವಲ್ಲ. ಇದು ಹೊಂದುವ ಜಾಗಗಳೆಂದರೆ ಕಿವಿಯ ಮಧ್ಯಭಾಗದ ಕೀವು, ಎಳೆದಾಡುವ ಸೈನಸ್ ಸೋಂಕು, ಕೆಲವು ನ್ಯುಮೋನಿಯಾ, ನಾಯಿ ಬೆಕ್ಕು ಕಚ್ಚಿದ ಗಾಯ, ಕೆಲವು ಮೂತ್ರದ ಸೋಂಕು, ಹಲ್ಲಿನ ಬುಡದ ಕೀವು.

ಬಾಟಲಿಯ ಮೇಲಿನ ಅಂಕಿ

ಹೆಚ್ಚು ಎಡವಟ್ಟಾಗುವುದು ಇಲ್ಲಿ. ನಮ್ಮ ಅಂಗಡಿಗಳಲ್ಲಿ ಸಿಗುವ ಸಿರಪ್‌ಗಳ ಹೆಸರಿನ ಮುಂದೆ 228.5, 457, 312.5 ಮುಂತಾದ ಅಂಕಿಗಳಿರುತ್ತವೆ. ಅದು ಎರಡೂ ಔಷಧಗಳನ್ನು ಕೂಡಿಸಿದ ಮೊತ್ತ. 228.5 ಎಂದರೆ ಪ್ರತಿ 5 ಮಿ.ಲೀ.ನಲ್ಲಿ 200 ಮಿ.ಗ್ರಾಂ ಅಮಾಕ್ಸಿಸಿಲಿನ್, 28.5 ಮಿ.ಗ್ರಾಂ ಕ್ಲಾವುಲನಿಕ್ ಆಮ್ಲ. 457 ಎಂದರೆ 400 ಮತ್ತು 57. ಇವೆರಡರಲ್ಲೂ ಪ್ರಮಾಣ ಏಳಕ್ಕೆ ಒಂದು. 312.5ರಲ್ಲಿ 250 ಮತ್ತು 62.5, ಎಂದರೆ ನಾಲ್ಕಕ್ಕೆ ಒಂದು. ಇನ್ನೊಂದು ಬಗೆಯಲ್ಲಿ 600 ಮತ್ತು 42.9, ಅಲ್ಲಿ ಹದಿನಾಲ್ಕಕ್ಕೆ ಒಂದು.

ವೈದ್ಯರು ಡೋಸ್ ಲೆಕ್ಕ ಹಾಕುವುದು ಮಗುವಿನ ತೂಕದ ಮೇಲೆ, ಅದೂ ಅಮಾಕ್ಸಿಸಿಲಿನ್ ಭಾಗವನ್ನು ಮಾತ್ರ ಹಿಡಿದು. ಏಳಕ್ಕೆ ಒಂದರ ಸಿರಪ್‌ನಲ್ಲಿ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 25ರಿಂದ 45 ಮಿ.ಗ್ರಾಂ, ಎರಡು ಹೊತ್ತಿಗೆ ಹಂಚಿ. 12 ಕೆ.ಜಿ. ತೂಗುವ ಮಗುವಿಗೆ ಕೆ.ಜಿ.ಗೆ 40ರಂತೆ ನಿಗದಿಯಾಯಿತು ಎನ್ನಿ. ದಿನಕ್ಕೆ 480, ಹೊತ್ತಿಗೆ 240 ಮಿ.ಗ್ರಾಂ. 228.5ರ ಬಾಟಲಿಯಾದರೆ ಅದು 6 ಮಿ.ಲೀ., 457ರದ್ದಾದರೆ 3 ಮಿ.ಲೀ. ಅಂಗಡಿಯವರು “ಅದು ಇಲ್ಲ, ಇದೇ ಕಂಪನಿಯದ್ದು ಇದಿದೆ” ಎಂದು 457 ಕೊಟ್ಟು, ಮನೆಯಲ್ಲಿ ಚೀಟಿ ನೋಡಿ 6 ಮಿ.ಲೀ.ನಂತೆಯೇ ಕುಡಿಸಿದರೆ ಮಗುವಿಗೆ ಹೋಗುವುದು ಇಮ್ಮಡಿ. ಅದಲು ಬದಲಾದರೆ ಅರ್ಧ. ಅರ್ಧ ಡೋಸ್‌ನಲ್ಲಿ ಜ್ವರ ಇಳಿಯುವುದಿಲ್ಲ, “ಔಷಧ ನಾಟಲಿಲ್ಲ” ಎಂದು ಇನ್ನೂ ಮೇಲಿನ ಆಂಟಿಬಯೋಟಿಕ್‌ಗೆ ಹೋಗುವ ಪ್ರಸಂಗ ಬರುತ್ತದೆ. ಆದ್ದರಿಂದ ಚೀಟಿಯಲ್ಲಿ ಬರೀ “5 ಮಿ.ಲೀ.” ಎಂದಿದ್ದರೆ ಸಾಲದು, ಸ್ಟ್ರೆಂತ್ ಕೂಡ ಇರಬೇಕು. ಅಂಗಡಿಯಿಂದ ಹೊರಡುವ ಮುನ್ನ ಚೀಟಿಯ ಅಂಕಿಯನ್ನೂ ಬಾಟಲಿಯ ಅಂಕಿಯನ್ನೂ ಅಕ್ಕಪಕ್ಕ ಹಿಡಿದು ನೋಡಿ. ಬ್ರ್ಯಾಂಡ್ ಬದಲಾದರೆ ಚಿಂತೆಯಿಲ್ಲ, ಅಂಕಿ ಬದಲಾದರೆ ಬರೆದ ವೈದ್ಯರನ್ನೇ ಕೇಳಬೇಕು.

ಮಿ.ಲೀ. ಹೆಚ್ಚುಕಡಿಮೆ ಮಾಡಿ ಸರಿದೂಗಿಸಿದರಾಯಿತಲ್ಲ ಎಂದು ಕೇಳಬಹುದು. 228.5 ಮತ್ತು 457ರ ನಡುವೆ ಲೆಕ್ಕ ಸರಿಹೋಗುತ್ತದೆ, ಉಳಿದವುಗಳ ನಡುವೆ ಹೋಗುವುದಿಲ್ಲ. ಅದೇ 12 ಕೆ.ಜಿ. ಮಗುವಿಗೆ ಕಿವಿಯ ಸೋಂಕಿಗಾಗಿ ವೈದ್ಯರು ಹೆಚ್ಚಿನ ಡೋಸ್, ಕೆ.ಜಿ.ಗೆ ದಿನಕ್ಕೆ 90 ಮಿ.ಗ್ರಾಂ ಬರೆದಿದ್ದಾರೆ ಎನ್ನಿ; ದಿನಕ್ಕೆ 1080 ಮಿ.ಗ್ರಾಂ ಅಮಾಕ್ಸಿಸಿಲಿನ್ ಆಯಿತು. ಅಷ್ಟನ್ನು 600ರ ಸಿರಪ್‌ನಿಂದ ಕೊಟ್ಟರೆ ಜೊತೆಗೆ ಹೋಗುವ ಕ್ಲಾವುಲನಿಕ್ ಆಮ್ಲ ಸುಮಾರು 77 ಮಿ.ಗ್ರಾಂ. 457ರಿಂದ ಕೊಟ್ಟರೆ 154. 312.5ರಿಂದ ಕೊಟ್ಟರೆ 270. ಹೊಟ್ಟೆ ಕೆಡಿಸುವುದರಲ್ಲಿ ಮುಖ್ಯ ಪಾಲು ಕ್ಲಾವುಲನಿಕ್ ಆಮ್ಲದ್ದು. ಮೂರೂ ಕಡೆ ಅಮಾಕ್ಸಿಸಿಲಿನ್ ಒಂದೇ ಇದ್ದರೂ, ಕೊನೆಯದನ್ನು ಕುಡಿದ ಮಗು ಭೇದಿಯಿಂದ ಸುಸ್ತಾಗಬಹುದು. ಹೆಚ್ಚಿನ ಡೋಸ್ ಬೇಕಾದ ಮಕ್ಕಳಿಗೆಂದೇ ಹದಿನಾಲ್ಕಕ್ಕೆ ಒಂದರ ಸಿರಪ್ ಬಂದದ್ದು ಈ ಕಾರಣಕ್ಕೆ.

ನೀರು ಬೆರೆಸುವುದು

ಕ್ಲಾವುಲನಿಕ್ ಆಮ್ಲಕ್ಕೆ ತೇವ ಆಗದು. ನೀರು ತಾಗಿದ ಗಳಿಗೆಯಿಂದ ಅದು ನಿಧಾನವಾಗಿ ಕ್ಷೀಣಿಸುತ್ತ ಹೋಗುತ್ತದೆ, ಬಿಸಿಯಾದಷ್ಟೂ ಬೇಗ. ಕಂಪನಿಯವರು ಪುಡಿಯಾಗಿಯೇ ಮಾರುವುದು ಅದಕ್ಕೆ. ಮುಚ್ಚಳ ತೆಗೆದಾಗ ಪುಡಿ ಹೆಪ್ಪುಗಟ್ಟಿದ್ದರೆ, ಬಿಳಿ ಅಥವಾ ತುಸು ಕೆನೆಬಣ್ಣ ಇರಬೇಕಾದದ್ದು ಕಂದುಹಳದಿಯಾಗಿದ್ದರೆ, ಸೀಲ್ ಬಿಟ್ಟಿದ್ದರೆ ಒಳಗೆ ತೇವ ಹೋಗಿದೆ ಎಂದರ್ಥ. ನೀರು ಹಾಕದೆ ಹಾಗೇ ಅಂಗಡಿಗೆ ಮರಳಿಸಿ.

ಕೆಲವು ಪೊಟ್ಟಣಗಳಲ್ಲಿ ಶುದ್ಧ ನೀರಿನ ಪುಟ್ಟ ಪ್ಲಾಸ್ಟಿಕ್ ಬಾಟಲಿಯೂ ಇರುತ್ತದೆ. ಅದಿದ್ದರೆ ಲೇಬಲ್ ಹೇಳಿದಂತೆ ಅದನ್ನೇ ಬಳಸಿ. ಇಲ್ಲದಿದ್ದರೆ ಚೆನ್ನಾಗಿ ಕುದಿಸಿ ಪೂರ್ತಿ ಆರಿಸಿದ ನೀರು ಬೇಕು. ಆರಿದ್ದು ಎಂದರೆ ಉಗುರುಬೆಚ್ಚಗಿನದೂ ಅಲ್ಲ, ಪಾತ್ರೆ ಮುಟ್ಟಿದರೆ ತಣ್ಣಗಿರಬೇಕು. ಮೊದಲು ಬಾಟಲಿಯನ್ನು ಅಂಗೈಗೆ ಮೆಲ್ಲಗೆ ತಟ್ಟಿ ತಳಕ್ಕೆ ಅಂಟಿದ ಪುಡಿಯನ್ನು ಬಿಡಿಸಿ. ಎಲ್ಲ ನೀರನ್ನೂ ಒಮ್ಮೆಲೇ ಸುರಿದರೆ ಕುದಿನೀರಿಗೆ ಬಿದ್ದ ರಾಗಿಹಿಟ್ಟಿನಂತೆ ಪುಡಿ ಗಂಟು ಕಟ್ಟುತ್ತದೆ, ಹೊರಗೆ ಒದ್ದೆ, ಒಳಗೆ ಒಣ. ಎಲ್ಲಿಯವರೆಗೆ ನೀರು ತುಂಬಬೇಕೆಂದು ಬಾಟಲಿಯ ಮೇಲೆ ಗುರುತು ಮಾಡಿದ ಗೆರೆಯ ಅರ್ಧಕ್ಕಿಂತ ತುಸು ಮೇಲೆ ಬರುವಷ್ಟು ನೀರು ಹಾಕಿ, ಮುಚ್ಚಳ ಬಿಗಿದು, ಬಾಟಲಿ ತಲೆಕೆಳಗು ಮಾಡಿ ಜೋರಾಗಿ ಕುಲುಕಿ. ತಳದ ಅಂಚಿನಲ್ಲಿ ಪುಡಿ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ. ಆಮೇಲೆ ಐದು ನಿಮಿಷ ಬಿಡಿ. ಈ ಐದು ನಿಮಿಷವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಕುಲುಕಿದಾಗ ಎದ್ದ ನೊರೆ ಗೆರೆಯನ್ನು ಮುಟ್ಟಿದಂತೆ ಕಾಣುತ್ತದೆ. ನೀರು ಸಾಕಾಯಿತೆಂದುಕೊಂಡು ಬಿಟ್ಟರೆ, ನೊರೆ ಇಳಿದ ಮೇಲೆ ಮಟ್ಟ ಗೆರೆಯ ಕೆಳಗಿರುತ್ತದೆ, ಸಿರಪ್ ಗಟ್ಟಿಯಾಗಿ ಪ್ರತಿ ಡೋಸ್ ಹೆಚ್ಚಾಗುತ್ತದೆ. ನೊರೆ ಇಳಿದ ನಂತರ ಬಾಟಲಿಯನ್ನು ಸಮತಟ್ಟು ಜಾಗದಲ್ಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಉಳಿದ ನೀರನ್ನು ಚೂರುಚೂರೇ ಸೇರಿಸಿ ಮತ್ತೆ ಕುಲುಕಿ.

ಗೆರೆ ದಾಟಿ ನೀರು ಬಿದ್ದರೆ ಮೇಲಿನದನ್ನು ಚೆಲ್ಲಿ ಸರಿಮಾಡಲಾಗದು, ಏಕೆಂದರೆ ಅದರ ಜೊತೆ ಔಷಧವೂ ಹೋಗುತ್ತದೆ. ಎರಡು ಹನಿ ಆಚೀಚೆಯಾದರೆ ತೊಂದರೆಯಿಲ್ಲ, ಬೆರಳಗಲ ಹೆಚ್ಚಾದರೆ ಹೊಸ ಬಾಟಲಿಯೇ ಸರಿ. 30 ಮಿ.ಲೀ. ಬಾಟಲಿ ಎಂದು 30 ಮಿ.ಲೀ. ನೀರು ಅಳೆದು ಸುರಿಯುವುದೂ ತಪ್ಪು. ಪುಡಿ ತಾನೇ ಒಂದಿಷ್ಟು ಜಾಗ ಹಿಡಿಯುತ್ತದೆ; ಗೆರೆಯೋ ಲೇಬಲ್‌ನಲ್ಲಿ ಬರೆದ ನೀರಿನ ಅಳತೆಯೋ ಹೇಳಿದ್ದೇ ಅಂತಿಮ. ಬೆರೆಸಿದ ತಾರೀಖನ್ನು ಪೆನ್ನಿನಲ್ಲಿ ಲೇಬಲ್ ಮೇಲೇ ಬರೆದಿಡಿ.

ಬೆರೆಸಿದ ಬಾಟಲಿ ಫ್ರಿಜ್‌ನ ಒಳತಟ್ಟೆಯಲ್ಲಿರಲಿ, 2ರಿಂದ 8 ಡಿಗ್ರಿಯಲ್ಲಿ. ಬಾಗಿಲಿನ ಗೂಡು ತೆರೆದಾಗಲೆಲ್ಲ ಬಿಸಿಯಾಗುತ್ತದೆ, ಮೇಲಿನ ಫ್ರೀಜರ್‌ನಲ್ಲಿ ಹೆಪ್ಪುಗಟ್ಟುತ್ತದೆ, ಎರಡೂ ಬೇಡ. ಲೇಬಲ್ ಬೇರೆ ಅವಧಿ ಹೇಳದಿದ್ದರೆ ಏಳು ದಿನಕ್ಕೆ ಅದರ ಆಯಸ್ಸು ಮುಗಿಯಿತು. ಎಂಟನೆಯ ದಿನ ಬಣ್ಣ, ವಾಸನೆ, ರುಚಿ ಮೊದಲಿನಂತೆಯೇ ಕಂಡರೂ ಒಳಗಿನ ಕ್ಲಾವುಲನಿಕ್ ಆಮ್ಲ ಸಾಕಷ್ಟು ಉಳಿದಿದೆ ಎಂದು ಹೇಳಲಾಗದು. ಆಗ ಕುಡಿಸುವುದು ಹೆಸರಿಗೆ ಜೋಡಿ ಔಷಧ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ತಾಸು ತಂಪು ಹಿಡಿದಿರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಫ್ರಿಜ್ ಇಲ್ಲದ ಮನೆಯವರು ಇದನ್ನು ವೈದ್ಯರ ಎದುರಿನಲ್ಲೇ ಹೇಳಬೇಕು. ನೀರಿನಲ್ಲಿ ಕರಗಿಸಿ ಆಗಿಂದಾಗ್ಗೆ ಕುಡಿಸುವ ಮಾತ್ರೆಗಳೂ ಇದೇ ಔಷಧದಲ್ಲಿ ಸಿಗುತ್ತವೆ, ಅವಕ್ಕೆ ಫ್ರಿಜ್ ಬೇಕಿಲ್ಲ.

ಬಾಟಲಿ ಖಾಲಿಯಾದರೆ ಕೋರ್ಸ್ ಮುಗಿದಂತಲ್ಲ

ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು 30 ಮಿ.ಲೀ. ಬಾಟಲಿ. ಮೇಲೆ ಹೇಳಿದ ಮಗುವಿಗೆ 228.5ರಲ್ಲಿ ದಿನಕ್ಕೆ 12 ಮಿ.ಲೀ. ಬೇಕು, ಬಾಟಲಿ ಎರಡೂವರೆ ದಿನಕ್ಕೆ ಖಾಲಿ. ಐದು ದಿನಕ್ಕೆ ಎರಡು ಬಾಟಲಿ, ಏಳು ದಿನಕ್ಕೆ ಮೂರು. ಜ್ವರ ಇಳಿಯುವ ಹೊತ್ತಿಗೇ ಬಾಟಲಿ ಮುಗಿಯುವುದರಿಂದ “ಕೊಟ್ಟಷ್ಟು ಮುಗಿಯಿತು” ಎಂದು ಅಲ್ಲಿಗೇ ನಿಲ್ಲಿಸುವುದು ತೀರಾ ಸಾಮಾನ್ಯ. ಚೀಟಿ ಕೈಗೆ ಬಂದಾಗಲೇ ದಿನದ ಮಿ.ಲೀ.ಯನ್ನು ದಿನಗಳಿಂದ ಗುಣಿಸಿ ನೋಡಿ, ಅಷ್ಟೂ ಬಾಟಲಿಗಳನ್ನು ಒಟ್ಟಿಗೇ, ಒಂದೇ ಸ್ಟ್ರೆಂತ್‌ನಲ್ಲಿ ತನ್ನಿ. ಆದರೆ ನೀರು ಬೆರೆಸುವುದು ಒಂದಾದ ಮೇಲೆ ಒಂದಕ್ಕೆ. ಮುಂದಿನದು ಒಲೆಯ ಹಬೆ ತಾಗದ ಒಣ ಜಾಗದಲ್ಲಿ ಪುಡಿಯಾಗಿಯೇ ಇರಲಿ. ಹತ್ತು ದಿನದ ಕೋರ್ಸ್ ಇದ್ದರಂತೂ ಎಲ್ಲ ಬಾಟಲಿಗಳಿಗೂ ಮೊದಲ ದಿನವೇ ನೀರು ಹಾಕಿಟ್ಟರೆ ಕೊನೆಯ ಮೂರು ದಿನದ ಔಷಧ ಹಳಸಿದಂತೆಯೇ.

ಎಷ್ಟು ದಿನ ಎಂಬುದು ಸೋಂಕು ಯಾವುದು, ಮಗುವಿನ ವಯಸ್ಸೆಷ್ಟು ಎಂಬುದರ ಮೇಲೆ ನಿಂತಿದೆ. ಎರಡು ವರ್ಷದೊಳಗಿನ ಮಗುವಿನ ಕಿವಿಯ ಸೋಂಕಿಗೆ ಸಾಮಾನ್ಯವಾಗಿ ಹತ್ತು ದಿನ, ದೊಡ್ಡ ಮಕ್ಕಳಿಗೆ ಐದರಿಂದ ಏಳು. ಮೂರು ತಿಂಗಳೊಳಗಿನ ಕೂಸಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಲೆಕ್ಕವೇ ಬೇರೆ.

ಅಳೆದು ಕುಡಿಸುವುದು

ಪ್ರತಿ ಸಲ ಬಾಟಲಿ ಕುಲುಕಲೇಬೇಕು. ಔಷಧದ ಕಣಗಳು ತಳಕ್ಕೆ ಇಳಿದಿರುತ್ತವೆ; ಕುಲುಕದಿದ್ದರೆ ಮೊದಲ ದಿನಗಳಲ್ಲಿ ಮೇಲಿನ ತೆಳು ನೀರು, ಕೊನೆಯಲ್ಲಿ ಗಟ್ಟಿ ಚರಟ ಹೋಗುತ್ತದೆ. ಅಳೆಯಲು ಅಡುಗೆಮನೆಯ ಚಮಚ ಬೇಡ. ಕೆಲವು 3 ಮಿ.ಲೀ. ಕೂಡ ಹಿಡಿಯುವುದಿಲ್ಲ, ಕೆಲವು 7 ದಾಟುತ್ತವೆ. ಪೊಟ್ಟಣದ ಅಳತೆ ಲೋಟ 5 ಮಿ.ಲೀ.ಗೆ ಸರಿ, 3 ಅಥವಾ 3.5ನ್ನು ನಿಖರವಾಗಿ ತೆಗೆಯಲು ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಒಳ್ಳೆಯದು. ಅದರ ತುದಿಗೆ ಪುಟ್ಟ ಮುಚ್ಚಳವಿದ್ದರೆ ಮೊದಲು ತೆಗೆದು ಎಸೆಯಿರಿ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮಗುವನ್ನು ನೆಟ್ಟಗೆ ಕೂರಿಸಿ, ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಿ, ನುಂಗಿದ ಮೇಲೆ ಮತ್ತಷ್ಟು. ಮೂಗು ಹಿಡಿದು ಅಳುವ ಬಾಯಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಒಳಲೆಯಲ್ಲಿ ಕುಡಿಸಿ ರೂಢಿಯಿದ್ದರೆ ಸಿರಿಂಜಿನಲ್ಲಿ ಅಳೆದು ಒಳಲೆಗೆ ಹಾಕಿ, ಕೊನೆಗೆ ನಾಲ್ಕು ಹನಿ ನೀರು ಬಿಟ್ಟು ಅಂಟಿದ್ದನ್ನೂ ಕುಡಿಸಿ. ಒಂದು ಲೋಟ ಹಾಲಿಗೆ ಬೆರೆಸಬೇಡಿ, ಮಗು ಅರ್ಧ ಬಿಟ್ಟರೆ ಎಷ್ಟು ಒಳಗೆ ಹೋಯಿತೆಂಬ ಲೆಕ್ಕ ತಪ್ಪುತ್ತದೆ.

ಹೊತ್ತು ಊಟದ ಆರಂಭದಲ್ಲಿ. ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ, ಕ್ಲಾವುಲನಿಕ್ ಆಮ್ಲ ರಕ್ತಕ್ಕೆ ಸೇರುವುದೂ ಆಗಲೇ ಚೆನ್ನ. ಎರಡು ಹೊತ್ತಿನದಾದರೆ ಬೆಳಗಿನ ತಿಂಡಿಗೂ ರಾತ್ರಿ ಊಟಕ್ಕೂ, ನಡುವೆ ಹತ್ತಿರ ಹತ್ತಿರ 12 ಗಂಟೆ ಅಂತರವಿರಲಿ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಡೋಸ್ ಇನ್ನೊಮ್ಮೆ ಕೊಡಬಹುದು. ಅದನ್ನೂ ಕಕ್ಕಿದರೆ ಮತ್ತೆ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಅರ್ಧ ಗಂಟೆಯ ನಂತರ ವಾಂತಿಯಾದರೆ ಮುಂದಿನ ಹೊತ್ತಿಗೆ ಕಾಯಿರಿ. ಮರೆತ ಡೋಸ್ ನಾಲ್ಕು ಗಂಟೆಯೊಳಗೆ ನೆನಪಾದರೆ ಕೊಡಿ, ಆಮೇಲಾದರೆ ಬಿಟ್ಟು ಮುಂದಿನದನ್ನು ಕೊಡಿ. ಎರಡನ್ನು ಸೇರಿಸಿ ಕೊಡುವುದು ಮಾತ್ರ ಯಾವತ್ತೂ ಬೇಡ.

ಭೇದಿ, ದದ್ದು, ಮತ್ತು ನಿಜವಾದ ಅಪಾಯ

ದಿನಕ್ಕೆ ಮೂರು ನಾಲ್ಕು ಸಲ ಮಲ ಸಡಿಲವಾಗುವುದು ಈ ಸಿರಪ್‌ನಲ್ಲಿ ನಿರೀಕ್ಷಿತವೇ. ಮಗು ಆಟವಾಡುತ್ತ, ಕುಡಿಯುತ್ತ ಇದ್ದರೆ ಔಷಧ ನಿಲ್ಲಿಸಬೇಕಿಲ್ಲ. ಓಆರ್‌ಎಸ್ ಕೊಡಿ, ಎದೆಹಾಲು, ಗಂಜಿ, ಮೊಸರನ್ನ ಮುಂದುವರಿಸಿ, ಡೈಪರ್ ಬೇಗ ಬೇಗ ಬದಲಿಸಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಹಿಂಡುವಂತೆ ನೋವಿದ್ದರೆ, ಮೂತ್ರ ಕಡಿಮೆಯಾಗಿ ಬಾಯಿ ಒಣಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಭೇದಿ ನಿಲ್ಲಿಸುವ ಮಾತ್ರೆಯನ್ನು ಮನೆಯಲ್ಲೇ ಕೊಡಬಾರದು.

ದದ್ದಿನ ವಿಷಯದಲ್ಲಿ ಎರಡನ್ನು ಬೇರ್ಪಡಿಸಿ ನೋಡಬೇಕು. ಔಷಧ ಕೊಟ್ಟ ನಿಮಿಷಗಳಲ್ಲೋ ಒಂದೆರಡು ತಾಸಿನಲ್ಲೋ ಪಿತ್ತದ ಗಂಧೆಯಂತೆ ಉಬ್ಬಿ ತುರಿಸುವ ದದ್ದು, ಜೊತೆಗೆ ತುಟಿ ಅಥವಾ ಕಣ್ಣಿನ ರೆಪ್ಪೆ ಊತ, ಉಬ್ಬಸ, ಪದೇ ಪದೇ ವಾಂತಿ, ಮಂಪರು ಕಂಡರೆ ಅದು ಪೆನಿಸಿಲಿನ್ ಅಲರ್ಜಿ, ಜೀವಕ್ಕೆ ಅಪಾಯ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಅಲ್ಲಿ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ಐದಾರು ದಿನ ಕಳೆದ ಮೇಲೆ ಮೈಮೇಲೆ ಚಪ್ಪಟೆ ಕೆಂಪು ಚುಕ್ಕೆಗಳು ಎದ್ದು, ಮಗು ಬೇರೆಲ್ಲ ರೀತಿಯಲ್ಲಿ ಗೆಲುವಾಗಿದ್ದರೆ ಅದು ಹೆಚ್ಚಾಗಿ ಆ ಬಗೆಯ ಅಲರ್ಜಿಯಲ್ಲ, ಕೆಲವು ವೈರಸ್ ಜ್ವರಗಳಲ್ಲಿ ಈ ಔಷಧ ಕೊಟ್ಟಾಗ ಹೀಗಾಗುವುದುಂಟು. ಮುಂದಿನ ಡೋಸ್ ಕೊಡುವ ಮುನ್ನ ದದ್ದಿನ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಇಂಥ ಚುಕ್ಕೆಗಳನ್ನು ನೋಡಿ ಫೈಲಿನಲ್ಲಿ “ಪೆನಿಸಿಲಿನ್ ಅಲರ್ಜಿ” ಎಂದು ಬರೆದುಬಿಟ್ಟರೆ ಆ ಮಗುವಿಗೆ ಜೀವನವಿಡೀ ದುಬಾರಿಯ, ಬೇಕಿಲ್ಲದಷ್ಟು ವಿಶಾಲ ಪರಿಣಾಮದ ಆಂಟಿಬಯೋಟಿಕ್‌ಗಳೇ ಗತಿಯಾಗುತ್ತವೆ.

ಚರ್ಮ ಸುಲಿದರೆ, ಬಾಯಿ ಕಣ್ಣುಗಳಲ್ಲಿ ಹುಣ್ಣಾದರೆ ಔಷಧ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು ಅಪರೂಪ. ಮಕ್ಕಳಿಗಿಂತ ವಯಸ್ಸಾದ ಗಂಡಸರಲ್ಲಿ ಹೆಚ್ಚು. ಕೋರ್ಸ್ ಮುಗಿದು ಕೆಲವು ವಾರಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದು, ಹಾಗಾಗಿ ಕಾಮಾಲೆ ಎಂದು ಹೋದಾಗ ಈ ಸಿರಪ್ ಕುಡಿದದ್ದನ್ನು ತಪ್ಪದೆ ಹೇಳಿ. ಒಮ್ಮೆ ಇದರಿಂದ ಕಾಮಾಲೆಯಾದವರಿಗೆ ಇದನ್ನು ಮತ್ತೆ ಕೊಡುವಂತಿಲ್ಲ. ನುಂಗಲು ಕಷ್ಟವೆಂದು ಹಿರಿಯರೂ ಸಿರಪ್ ಕುಡಿಯುವುದುಂಟು. ಅವರು ವಾರ್ಫರಿನ್, ಮೆಥೊಟ್ರೆಕ್ಸೇಟ್, ಅಲೊಪ್ಯುರಿನಾಲ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಸರಿಯಾಗಿ ಬೆರೆಸಿ, ಸರಿಯಾಗಿ ಅಳೆದು ಕೊಟ್ಟರೆ 48ರಿಂದ 72 ಗಂಟೆಯಲ್ಲಿ ಮಗು ಚೇತರಿಸಿಕೊಳ್ಳುವುದು ಕಾಣಬೇಕು. ಕಾಣದಿದ್ದರೆ ಬಾಟಲಿಯನ್ನೂ ಸಿರಿಂಜನ್ನೂ ಜೊತೆಗೇ ಕೊಂಡೊಯ್ದು ವೈದ್ಯರಿಗೆ ತೋರಿಸಿ. ತಪ್ಪು ಸ್ಟ್ರೆಂತ್, ತಪ್ಪಿದ ಗೆರೆ ಅಲ್ಲೇ ಸಿಕ್ಕಿಬೀಳುತ್ತದೆ. ಉಸಿರಾಟ ಜೋರಾದರೆ, ಪಕ್ಕೆ ಒಳಕ್ಕೆ ಸೆಳೆದರೆ, ಮಗು ಏನೂ ಕುಡಿಯದೆ ಮಂಕಾದರೆ ಆ 72 ಗಂಟೆಗೂ ಕಾಯಬಾರದು.

ಕೋರ್ಸ್ ಮುಗಿದು ಉಳಿದದ್ದನ್ನು ತಂಗಿಗೋ ಮುಂದಿನ ಜ್ವರಕ್ಕೋ ಎತ್ತಿಡಬೇಡಿ. ಸಿಂಕಿಗೂ ಸುರಿಯಬೇಡಿ, ಬಳಸಿದ ಟೀಪುಡಿಗೋ ಮಣ್ಣಿಗೋ ಬೆರೆಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಹಳೆಯ ಚೀಟಿ ತೋರಿಸಿ ಅದೇ ಸಿರಪ್ ಮತ್ತೆ ತರುವುದೂ ಬೇಡ. ಆರು ತಿಂಗಳಲ್ಲಿ ಮಗುವಿನ ತೂಕ ಬದಲಾಗಿರುತ್ತದೆ, ಕಾಯಿಲೆಯೂ ಬೇರೆಯಾಗಿರಬಹುದು.